ಹೊರಗಿನ ಲೂಪು ನನ್ನದು, ಒಳಗಿನದು ಅವಳದು

ಕುಂದಾಪುರದ ಕೋಡಿಯಲ್ಲಿ ನನ್ನ ಗಂಡನ ಮನೆ. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಅಂಗಳದಲ್ಲಿ ಮೀನು ಒಣಗಲು ಹಾಕಿದ ದಿನ ಇಬ್ಬರು ಸೊಸೆಯಂದಿರಲ್ಲಿ ಒಬ್ಬಳು ಮನೆಯಲ್ಲಿ ಇರಲೇಬೇಕು. ಗಂಡಸರು ಬೋಟಿಗೆ ಹೋಗಿರುತ್ತಿದ್ದರು. ಅತ್ತೆ ಬೆಳಿಗ್ಗೆಯೇ ಬುಟ್ಟಿ ಹಿಡಿದು ಮಾರುಕಟ್ಟೆಗೆ ಹೊರಟರೆ ತಿರುಗಿ ಬರುವಾಗ ಊಟದ ಹೊತ್ತು ದಾಟಿರುತ್ತಿತ್ತು. ಉಪ್ಪು ಹಾಕಿ ಚಾಪೆಯ ಮೇಲೆ ಹರಡಿದ ಬಂಗುಡೆ, ಸಿಗಡಿ, ನಂಗುಗಳನ್ನು ಕಾಗೆ ಬೆಕ್ಕುಗಳಿಂದ ಕಾಯಬೇಕು, ಬಿಸಿಲು ಏರಿದ ಹಾಗೆ ಮಗುಚಿ ಹಾಕಬೇಕು, ಮೋಡ ಕಂಡರೆ ಓಡಿ ಬಂದು ಒಳಗೆ ಎಳೆಯಬೇಕು. ಮಳೆಗಾಲ ಬಿಟ್ಟರೆ ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೀನು ಒಣಗುವ ದಿನಗಳೇ. ಹಾಗಾಗಿ ನಾನೂ ನನ್ನ ಓರಗಿತ್ತಿಯೂ, ಅಂದರೆ ಮೈದುನನ ಹೆಂಡತಿಯೂ, ಇಬ್ಬರೇ ಒಟ್ಟಿಗೆ ಗೇಟು ದಾಟಿ ಹೋದದ್ದೇ ಇರಲಿಲ್ಲ.

ನನ್ನ ತೌರು ಬ್ರಹ್ಮಾವರದ ಕಡೆ, ಕೋಟ ಪಡುಕೆರೆ. ಅವಳದು ಬೈಂದೂರಿನ ಕಡೆ, ಉಪ್ಪುಂದ. ನಾನು ಬಂದ ಮರುವರ್ಷ ಅವಳು ಸೊಸೆಯಾಗಿ ಬಂದಳು. ಮೊದಮೊದಲು ನಮ್ಮಿಬ್ಬರಿಗೆ ಅಷ್ಟಕ್ಕಷ್ಟೇ. ನಾನು ಪ್ರತಿಯೊಂದನ್ನೂ ಸಾಲಾಗಿ ಜೋಡಿಸಿ ಇಡುವವಳು. ಅವಳು ಕೈಗೆ ಸಿಕ್ಕಲ್ಲಿ ಇಟ್ಟು ಬೇಕೆಂದಾಗ ಸೀದಾ ಅಲ್ಲಿಗೇ ಕೈ ಹಾಕಿ ತೆಗೆಯುವವಳು. ಅಡುಗೆಮನೆಯ ಡಬ್ಬಿಗಳನ್ನು ನಾನು ಜೋಡಿಸುವುದು, ಅವಳು ಕೆದರುವುದು, ಇದೇ ನಮ್ಮ ಮೂಕ ಜಗಳವಾಗಿತ್ತು.

ಆ ಸಲ ಮಳೆ ಮುಗಿದ ಮೇಲೆ ಪೇಟೆಯಲ್ಲಿ ಒಂದು ಹೊಲಿಗೆ ಅಂಗಡಿಯ ಮಹಡಿಗೆ ಹೊಸ ಬೋರ್ಡು ಬಿತ್ತು. ವೆಬ್ ಪುಟ ಮಾಡಲು ಕಲಿಸುತ್ತೇವೆ, ಹೆಂಗಸರಿಗೆ ಬೆಳಗಿನ ತರಗತಿ, ಎಂದು. ನಾನು ಬಿಕಾಂ ಮುಗಿಸಿ ಸುಮ್ಮನೆ ಕೂತವಳು. ಅವಳು ಪಿಯುಸಿಯಲ್ಲಿ ವಿಜ್ಞಾನ ಓದಿ ಬಿಟ್ಟವಳು. ನಾನು ಬಸ್ಸಿನಿಂದ ಆ ಬೋರ್ಡು ನೋಡಿದ್ದೆ. ಅವಳೂ ನೋಡಿದ್ದಳು ಎಂದು ಗೊತ್ತಾದದ್ದು ನಾನು ಅತ್ತೆಯ ಹತ್ತಿರ ಕೇಳಲು ಹೋದಾಗಲೇ.

"ಈಗಷ್ಟೇ ಅವ್ಳ್ ಬಂದ್ ಕೇಂಡ್ಕಂಡ್ ಹೋದ್ಲ್. ಈಗ ನೀನಾ?" ಎಂದರು ಅತ್ತೆ. ಮೀನಿನ ಬುಟ್ಟಿ ತೊಳೆಯುತ್ತಾ ಇದ್ದರು. "ಒಬ್ರ್ ಹೋದ್ರೆ ಅಡ್ಡಿಲ್ಲೆ. ಇಬ್ರೂ ಹೋದ್ರೆ ಮೀನ್ ಕಾಂಬುಕೆ ಕಾಕಿನೇ ಕೂರ್ಸುದಾ?"

ಯಾರು ಹೋಗುವುದು ಎಂದು ತೀರ್ಮಾನವಾಗಲಿಲ್ಲ. ಅವಳು ಬಿಡುವವಳಲ್ಲ, ನನಗೂ ಬಿಡುವ ಮನಸ್ಸಿಲ್ಲ. ಒಂದು ದಿನ ಅಕ್ಕಿ ತರುವ ನೆಪದಲ್ಲಿ ಪೇಟೆಗೆ ಹೋದವಳು ಮೆಟ್ಟಿಲು ಹತ್ತಿಯೇ ಬಿಟ್ಟೆ. ಮೇಲೆ ಐದಾರು ಕಂಪ್ಯೂಟರು, ಗೋಡೆಗೆ ತಾಗಿಸಿ ಇಟ್ಟ ಮೇಜುಗಳು. ಕಲಿಸುವವಳು ನನಗಿಂತ ಸಣ್ಣ ಪ್ರಾಯದ ಹುಡುಗಿ. ದಿನವೂ ಸಿದ್ದಾಪುರದಿಂದ ಬಸ್ಸಿನಲ್ಲಿ ಇಳಿದು ಬರುತ್ತಿದ್ದಳು. ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮನೆಯ ಕಥೆ ಹೇಳಿದೆ. ಅವರು ನಕ್ಕುಬಿಟ್ಟರು.

"ಒಂದ್ ದಿನ ನೀವ್ ಬನ್ನಿ, ಒಂದ್ ದಿನ ಅವ್ರ್ ಬರ್ಲಿ ಅಕ್ಕ. ಕುರ್ಚಿ ಒಂದ್. ಅದ್ರಲ್ಲ್ ಯಾರ್ ಕೂಕಂಡ್ರೂ ನಂಗೆ ಅಡ್ಡಿಲ್ಲೆ. ಆದ್ರೆ ಒಬ್ರಿಗೆ ಹೇಳಿದ್ದನ್ನ ಇನ್ನೊಬ್ರಿಗೆ ನಾನ್ ಮತ್ತೆ ಹೇಳುದಿಲ್ಲೆ. ಅದ್ ನಿಮ್ ಕೆಲ್ಸ."

ಮನೆಗೆ ಬಂದು ಓರಗಿತ್ತಿಗೆ ಹೇಳಿದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಕಾಫಿ ಲೋಟ ತಂದು ನನ್ನ ಮುಂದಿಟ್ಟು, "ಅಕ್ಕ, ಸುರುವಿಗೆ ನೀನೇ ಹೋಗ್" ಎಂದಳು. ಅವಳಾಗಿ ನನಗೆ ಕಾಫಿ ತಂದುಕೊಟ್ಟದ್ದು ಅದೇ ಮೊದಲು.

ಹೀಗೆ ಒಂದು ದಿನ ನಾನು, ಮರುದಿನ ಅವಳು. ಸಂಜೆ ಅತ್ತೆ ಧಾರಾವಾಹಿ ನೋಡಲು ಕೂತ ಮೇಲೆ ನಮ್ಮ ಮನೆಯ ತರಗತಿ ಸುರುವಾಗುತ್ತಿತ್ತು. ಮೈದುನ ಎಲ್ಲಿಂದಲೋ ತಂದುಕೊಟ್ಟ ಹಳೆಯ ಲ್ಯಾಪ್‌ಟಾಪ್ ಒಂದಿತ್ತು. ವಯರು ಕಳಚಿದ ಕ್ಷಣವೇ ಸಾಯುತ್ತಿತ್ತು. ಅದಕ್ಕೆ ಪ್ಲಗ್ ಇದ್ದದ್ದು ಅಡುಗೆಮನೆಯಲ್ಲಿ, ಮಿಕ್ಸಿಯ ಪಕ್ಕ. ಒಬ್ಬಳು ಮೀನು ಕೊಯ್ಯುತ್ತಾ ಕೇಳುವುದು, ಇನ್ನೊಬ್ಬಳು ಕೈ ತೊಳೆದುಕೊಂಡು ಬಂದು ಟೈಪ್ ಮಾಡಿ ತೋರಿಸುವುದು. ಎಷ್ಟು ತೊಳೆದರೂ ಆ ಕೀಲಿಮಣೆಯ ಸಂದಿಯಿಂದ ಬೂತಾಯಿ ಮೀನಿನ ವಾಸನೆ ಹೋಗಲಿಲ್ಲ.

ಹೀಗೆ ಪಾಠವೂ ನಮ್ಮಿಬ್ಬರ ನಡುವೆ ಹಂಚಿಹೋಯಿತು. ಕಂಪ್ಯೂಟರಿನ ಭಾಷೆಯಲ್ಲಿ ಅರೇ ಎಂದರೆ ಏನು ಎಂದು ಹೇಳಿದ ದಿನ ನಾನು ಹೋಗಿದ್ದೆ. ವಸ್ತುಗಳನ್ನು ಸಾಲಾಗಿ ಇಡುವುದು, ಸೊನ್ನೆಯಿಂದ ಸುರುಮಾಡಿ ಒಂದೊಂದಕ್ಕೂ ಒಂದು ಸಂಖ್ಯೆ. ಆ ಸಾಲಿನ ಮೊದಲಿನಿಂದ ಕೊನೆಯವರೆಗೆ ಒಂದನ್ನೂ ಬಿಡದೆ ನಡೆದು ಬರುವುದಕ್ಕೆ ಲೂಪು. ನಡೆಯುವಾಗ ಎಷ್ಟನೆಯದಕ್ಕೆ ಬಂದೆವು ಎಂಬ ಲೆಕ್ಕ ಇಟ್ಟುಕೊಳ್ಳಲು ಒಂದು ಹೆಸರು ಬೇಕು, ರೂಢಿಯಲ್ಲಿ ಅದಕ್ಕೆ ಇಂಗ್ಲಿಷಿನ ಐ ಅಕ್ಷರ ಇಡುತ್ತಾರೆ. ನನಗೆ ಹೇಳಿ ಮಾಡಿಸಿದ ಪಾಠ ಅದು. ಸಂಜೆ ಉತ್ಸಾಹದಿಂದ ಹೇಳಿಕೊಟ್ಟೆ. ಅವಳಿಗೆ ಅರ್ಥವಾಯಿತು, ಆದರೆ ಹಿಡಿಸಲಿಲ್ಲ.

ಮರುದಿನ ಅವಳು ಆಬ್ಜೆಕ್ಟ್ ಕಲಿತು ಬಂದಳು, ಒಂದು ವಸ್ತುವಿನ ವಿವರಗಳನ್ನೆಲ್ಲ ಹೆಸರು ಹಚ್ಚಿ ಒಂದೇ ಗಂಟಿನಲ್ಲಿ ಇಡುವುದು. ಗೇಟಿನಿಂದಲೇ ಸುರು.

"ಹ್ವಾಯ್ ಅಕ್ಕ! ನಿನ್ನ ಸೊನ್ನೆ, ಒಂದು, ಎರಡ್ ಎಲ್ಲ ಬ್ಯಾಡ. ಇದ್ರಲ್ಲ್ ಎಲ್ಲದಕ್ಕೂ ಹೆಸರಿತ್ತ್. ಊರು ಅಂದ್ರೆ ಊರು ಬತ್ತ್, ತಾಲೂಕು ಅಂದ್ರೆ ತಾಲೂಕು ಬತ್ತ್. ಹೆಸ್ರ್ ಹಿಡ್ದ್ ಕರ್ದ್ರೆ ಸಾಕ್."

"ಒಂದೇ ಜಾತಿದ್ ನೂರ್ ಇದ್ರೆ ನೂರ್ ಹೆಸ್ರ್ ಇಡ್ತ್ಯಾ?" ಎಂದೆ ನಾನು.

ಅವಳು ಚಪ್ಪಲಿ ಕಳಚಿ ಒಳಗೆ ಬಂದಳು. "ಅದಕ್ಕೆ ನಿಂದ್ ಇರ್ಲಿ" ಎಂದಳು.

ಮೀನು ಮಗುಚುತ್ತಾ, ಪಾತ್ರೆ ತೊಳೆಯುತ್ತಾ ಇದೇ ವಾದ. ಅತ್ತೆಗೆ ನಾವು ಜಗಳವಾಡುತ್ತಿದ್ದೇವೋ ಮಾತಾಡುತ್ತಿದ್ದೇವೋ ತಿಳಿಯುತ್ತಿರಲಿಲ್ಲ. "ಎಂತ ಹೆಣೆ, ಮಾತೇ ಆಡ್ದೆ ಇಪ್ಪವ್ರ್ ಈಗ ಬಾಯೇ ಮುಚ್ಚುದಿಲ್ಯಲ್ಲ!" ಎಂದು ಒಮ್ಮೆ ಅವಳಿಗೆ ಅಂದರು.

ಕೆಲವು ದಿನಗಳ ಮೇಲೆ ನಾನು ಹೋದಾಗ ಮೇಡಂ ಮೂರು ತಾಲೂಕುಗಳ ಒಂದು ಸಾಲು ಕೊಟ್ಟು, ಹೆಸರುಗಳನ್ನು ಪರದೆಯ ಮೇಲೆ ತರಿಸಿ ಎಂದರು. ನಾನು ಕಲಿತ ಹಾಗೆ ಲೂಪು ಬರೆದೆ. ಹೆಸರು ಬರಬೇಕಾದಲ್ಲಿ "ಆಬ್ಜೆಕ್ಟ್ ಆಬ್ಜೆಕ್ಟ್" ಎಂದು ಒಂದರ ಕೆಳಗೊಂದು ಮೂರು ಸಾಲು ಬಂತು. ಎಷ್ಟು ಸಲ ಬರೆದರೂ ಅದೇ. ಮೇಡಂ ಮಾತು ಕೊಟ್ಟ ಹಾಗೆ ಬಾಯಿ ಬಿಡಲಿಲ್ಲ. ಮನೆಗೆ ಬಂದು ಓರಗಿತ್ತಿಗೆ ತೋರಿಸಿದರೆ ಅವಳು ಕತ್ತಿಯನ್ನು ಬದಿಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಕ್ಕ, ನೀನ್ ಬಾಗ್ಲ ತನಕ ಹೋಯಿ ಮನಿ ಕಂಡ್ಕಂಡ್ ಬಂದೆ. ಒಳ್ಗೆ ಇಪ್ಪವ್ರ ಹೆಸ್ರ್ ಹಿಡ್ದ್ ಕರಿಲೇ ಇಲ್ಲೆ." ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ನನ್ನ ಸಾಲಿನ ಕೊನೆಗೆ ಒಂದು ಚುಕ್ಕಿ ಇಟ್ಟು, ಅದರ ಪಕ್ಕ ಹೆಸರು ಎಂಬ ಪದ ಸೇರಿಸಿದಳು. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಬಂದವು. ನನಗೆ ಆದ ಖುಷಿ ಹೇಳತೀರದು. ಅವಳ ಪಾಠವಿಲ್ಲದೆ ನನ್ನದು ನಡೆಯುವುದಿಲ್ಲ ಎಂದು ಅವತ್ತು ನನಗೆ ಚೆನ್ನಾಗಿ ಗೊತ್ತಾಯಿತು.

ಬೇಸಗೆ ಮುಗಿಯುತ್ತಾ ಬಂದಾಗ ಮೇಡಂ ಕೊನೆಯ ಕೆಲಸ ಕೊಟ್ಟರು. ಅದೇ ಮೂರು ತಾಲೂಕು. ಪ್ರತಿ ತಾಲೂಕಿನ ಒಳಗೆ ಅದರ ಊರುಗಳ ಇನ್ನೊಂದು ಸಾಲು. ತಾಲೂಕಿನ ಹೆಸರು ಬಂದು, ಅದರ ಕೆಳಗೆ ಆ ತಾಲೂಕಿನ ಊರುಗಳು ಬರಬೇಕು, ಆಮೇಲೆ ಮುಂದಿನ ತಾಲೂಕು. ಸಾಲಿನ ಒಳಗೆ ಆಬ್ಜೆಕ್ಟ್, ಆಬ್ಜೆಕ್ಟಿನ ಒಳಗೆ ಮತ್ತೆ ಸಾಲು. ಲೂಪಿನ ಒಳಗೆ ಲೂಪು ಬೇಕು ಎಂದಷ್ಟೇ ಹೇಳಿ, ಜೋಡಿಸುವುದನ್ನು ನೀವೇ ಮಾಡಿ ನೋಡಿ ಎಂದು ಬಿಟ್ಟರು.

ನಾವು ಕೆಲಸ ಹಂಚಿಕೊಂಡೆವು. ತಾಲೂಕುಗಳ ಮೇಲೆ ನಡೆಯುವ ಹೊರಗಿನ ಲೂಪು ನನ್ನದು. ಒಂದು ತಾಲೂಕಿನ ಊರುಗಳ ಮೇಲೆ ನಡೆಯುವ ಒಳಗಿನ ಲೂಪು ಅವಳದು. ಊರುಗಳನ್ನು ಇಬ್ಬರೂ ಕೂತು ತುಂಬಿಸಿದೆವು. ಕುಂದಾಪುರಕ್ಕೆ ಗಂಗೊಳ್ಳಿ, ಕೋಟೇಶ್ವರ, ಬಸ್ರೂರು ಹಾಕಿದ ಮೇಲೆ ಮೇಡಂ ಊರಲ್ಲವೇ ಎಂದು ಸಿದ್ದಾಪುರವನ್ನೂ ಅದರ ಬೆನ್ನಿಗೆ ಅಮಾಸೆಬೈಲನ್ನೂ ಸೇರಿಸಿದೆವು. ಬೈಂದೂರಿಗೆ ಮೊದಲು ಉಪ್ಪುಂದ ಎಂದು ಅವಳ ಹಟ, ಬ್ರಹ್ಮಾವರಕ್ಕೆ ಮೊದಲು ಕೋಟ ಎಂದು ನನ್ನದು. ನನ್ನ ದಿನ ನನ್ನ ಲೂಪು ಬರೆದು ನೋಡಿದೆ, ಸರಿಯಾಗಿತ್ತು. ಮರುದಿನ ಅವಳು ಅದೇ ಕುರ್ಚಿಯಲ್ಲಿ ಕೂತು ತನ್ನದನ್ನು ಬರೆದು ಬಂದಳು. ಅದೂ ಸರಿಯಾಗಿತ್ತು. ಎರಡನ್ನೂ ಸೇರಿಸಿ ತೋರಿಸುವ ದಿನ ನನ್ನ ಪಾಲಿಗೆ ಬಂತು.

ಹೋಗುವಾಗ ಆಕಾಶ ಬೆಳ್ಳಗಿತ್ತು, ಸೆಕೆ ವಿಪರೀತ. ಹಿಂದಿನ ದಿನ ಬೋಟಿನವರು ತಂದ ಬಂಗುಡೆ ಅಂಗಳದ ತುಂಬ ಹರಡಿತ್ತು. "ತೋರ್ಸಿದ್ ಕೂಡ್ಲೆ ಫೋನ್ ಮಾಡ್ ಅಕ್ಕ" ಎಂದು ಅವಳು ಕೋಲು ಹಿಡಿದು ಮೆಟ್ಟಿಲ ಮೇಲೆ ಕೂತಳು.

ತರಗತಿಯಲ್ಲಿ ಅವಳ ಲೂಪನ್ನು ಎತ್ತಿ ನನ್ನದರ ಹೊಟ್ಟೆಯೊಳಗೆ ಇಟ್ಟೆ. ಓಡಿಸಿದೆ. ಕುಂದಾಪುರ ಬಂತು. ಅದರ ಕೆಳಗೆ ಐದೂ ಊರು ಬಂದವು. ಅಷ್ಟೇ. ಬೈಂದೂರೂ ಇಲ್ಲ, ಬ್ರಹ್ಮಾವರವೂ ಇಲ್ಲ. ಪರದೆ ಉಳಿದದ್ದೆಲ್ಲ ಖಾಲಿ. ತಪ್ಪು ಎಂದು ಒಂದು ಕೆಂಪಕ್ಷರವಾದರೂ ಬರಬೇಕಲ್ಲ, ಅದೂ ಬರಲಿಲ್ಲ. ಊರುಗಳ ಸಾಲು ನೋಡಿದೆ, ಸರಿ ಇತ್ತು. ತೆರೆದು ಮುಚ್ಚುವ ಆವರಣ ಚಿಹ್ನೆಗಳನ್ನು ನೋಡಿದೆ, ಸರಿ ಇದ್ದವು. ನನ್ನ ಲೂಪನ್ನು ಬೇರೆಯಾಗಿ ಓಡಿಸಿದರೆ ಮೂರೂ ತಾಲೂಕು ಬರುತ್ತಿದ್ದವು, ಅವಳದು ಒಳಗೆ ಹೋದ ಕೂಡಲೇ ಎರಡು ಮಾಯ. ಪಕ್ಕದ ಕುರ್ಚಿಯವರೆಲ್ಲ ತಮ್ಮದನ್ನು ತೋರಿಸಿ ಮುಗಿಸುತ್ತಿದ್ದರು.

ಮೇಡಂ ಹಿಂದೆ ಬಂದು ನಿಂತರು. ಓದಿದರು. ಅವರ ತುಟಿ ಸ್ವಲ್ಪ ಓರೆಯಾದದ್ದು ನನಗೆ ಕಂಡಿತು.

"ಇದನ್ನ ಬರ್ದದ್ದ್ ಯಾರಕ್ಕ?"

"ಹೊರಗಿಂದ್ ನಾನ್ ಮೇಡಂ. ಒಳಗಿಂದ್ ಅವಳ್."

"ಹಾಂಗಾರೆ ಅವ್ರಿಗೆ ಫೋನ್ ಮಾಡಿ. ಇಬ್ರೂ ಸೇರಿ ಕಾಣಿ."

ಫೋನ್ ಎತ್ತಿದಳು. ಹಿಂದಿನಿಂದ ಕಾಗೆಗಳ ಗಲಾಟೆ, ನಡುವೆ "ಹುಶ್, ಹುಶ್" ಎಂದು ಅವಳ ಕೂಗು. ಆದದ್ದನ್ನು ಹೇಳಿದೆ.

"ನಮ್ ಇಬ್ರ ತೌರ್ಮನಿಯೂ ಹೋಯ್ತಾ!" ಎಂದಳು. ಆಮೇಲೆ, "ಬರ್ದದ್ದನ್ನ ಒಂದ್ಸಲ ಓದ್ ಹೇಳ್ ಕಾಂಬ" ಎಂದಳು.

ನಾನು ಮೊದಲಿನಿಂದ ಓದಿದೆ. ಐ ಸೊನ್ನೆಯಿಂದ ಸುರು, ತಾಲೂಕು ಎಷ್ಟಿದೆಯೋ ಅಷ್ಟರವರೆಗೆ, ಪ್ರತಿ ಸಲ ಐಗೆ ಒಂದು ಕೂಡಿಸು. ಆ ತಾಲೂಕಿನ ಊರುಗಳನ್ನು ತೆಗೆದುಕೋ. ಆಮೇಲೆ ಐ ಸೊನ್ನೆಯಿಂದ ಸುರು, ಊರು ಎಷ್ಟಿದೆಯೋ...

"ಅಲ್ಲಲ್ಲ ಅಕ್ಕ, ನೀನ್ ನಿಂದನ್ನೇ ಎರಡ್ ಸಲ ಓದ್ತಿದ್ದೆ. ನಂದನ್ನ ಓದ್."

"ನಿಂದೇ ಓದ್ದೆ ಮಾರಾಯ್ತಿ."

"ಅದ್ರಲ್ಲೂ ಐ ಇತ್ತಾ?"

"ಇತ್ತಲ್ಲ. ನೀನೇ ಬರ್ದದ್ದ್."

ನಾನು ಪರದೆಯ ಮೇಲಿನ ಎರಡೂ ಐಗಳ ಮೇಲೆ ಬೆರಳಿಟ್ಟು ನೋಡಿದೆ. ಲೂಪು ಎಂದರೆ ಐ ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ. ಬೇರೆ ಬೇರೆ ದಿನ, ಒಂದೇ ಕುರ್ಚಿಯಲ್ಲಿ ಕೂತು, ಇಬ್ಬರೂ ಲೆಕ್ಕಕ್ಕೆ ಒಂದೇ ಹೆಸರು ಇಟ್ಟಿದ್ದೆವು. ನಮಗೆ ಅದು ಎರಡು ಐ. ಕಂಪ್ಯೂಟರಿಗೆ ಒಂದೇ. ಅವಳ ಲೂಪು ಕುಂದಾಪುರದ ಐದು ಊರುಗಳನ್ನು ಎಣಿಸಿ ಮುಗಿಸುವಾಗ ಐ ಐದಕ್ಕೆ ಹೋಗಿ ನಿಂತಿತ್ತು. ಹೊರಗೆ ಕಾಯುತ್ತಿದ್ದ ನನ್ನ ಲೂಪು ಅದನ್ನು ನೋಡಿ, ಇದ್ದದ್ದೇ ಮೂರು ತಾಲೂಕು, ಲೆಕ್ಕ ಆಗಲೇ ಐದು ದಾಟಿತು, ಇನ್ನೇನು ಕೆಲಸ ಎಂದು ಅಲ್ಲಿಗೇ ನಿಂತುಬಿಟ್ಟಿತ್ತು.

"ನಂದಕ್ಕೆ ಜೆ ಅಂದ್ ಮಾಡ್" ಎಂದಳು ಅವಳು.

"ನಾನ್ ಬೇಕಾರೆ ಬದಲ್ಸ್ತೆ..."

"ಬ್ಯಾಡ, ನೀನ್ ಮೊದ್ಲ್ ಬಂದವ್ಳ್. ನೀನ್ ಐ, ನಾನ್ ಜೆ. ಬೇಗ ಮಾಡ್ ಮಾರಾಯ್ತಿ!"

ಅವಳ ಲೂಪಿನಲ್ಲಿದ್ದ ಐ ಅನ್ನು ಇದ್ದಲ್ಲೆಲ್ಲ ಹುಡುಕಿ ಜೆ ಮಾಡಿದೆ. ಓಡಿಸಿದೆ. ಕುಂದಾಪುರ, ಅದರ ಊರುಗಳು. ಬೈಂದೂರು, ಅದರ ಕೆಳಗೆ ಮೊದಲಿಗೇ ಉಪ್ಪುಂದ. ಬ್ರಹ್ಮಾವರ, ಕೋಟ, ಸಾಲಿಗ್ರಾಮ, ಬಾರ್ಕೂರು. ನಾನು ಒಂದೊಂದಾಗಿ ಓದಿ ಹೇಳುತ್ತಾ ಹೋದೆ. ಆ ಕಡೆಯಿಂದ ಅವಳು ಪ್ರತಿ ಊರಿಗೂ "ಹಾಂ, ಹಾಂ" ಎನ್ನುತ್ತಿದ್ದಳು. ಮಂದಾರ್ತಿಗೆ ಬಂದಾಗ ಹಾಂ ಎನ್ನುವ ಬದಲು "ಅಯ್ಯೋ, ಮಳಿ!" ಎಂದು ಕಿರುಚಿದಳು. ಫೋನ್ ಕಡಿದುಹೋಯಿತು. ಅದೇ ಹೊತ್ತಿಗೆ ನಮ್ಮ ತಲೆಯ ಮೇಲಿನ ತಗಡೂ ಸದ್ದು ಮಾಡತೊಡಗಿತು.

ಮೇಡಂ ಪರದೆ ನೋಡಿ, "ಸರಿಯಾಯ್ತ್. ಆದ್ರೆ ಇದ್ ಇಬ್ರ ಕೆಲ್ಸ. ನಾಳಿ ಕಡಿ ದಿನ. ಹ್ಯಾಂಗಾರೂ ಮಾಡಿ ಇಬ್ರೂ ಬನ್ನಿ" ಎಂದರು. ನನ್ನ ಗಮನವೆಲ್ಲ ಅಂಗಳದ ಬಂಗುಡೆಯ ಮೇಲಿತ್ತು.

ಮನೆಗೆ ಬಂದಾಗ ಮಳೆ ನಿಂತು ಬಿಸಿಲು ಬಂದಿತ್ತು. ಓರಗಿತ್ತಿ ತೊಯ್ದ ಬಟ್ಟೆಯಲ್ಲೇ ಜಗಲಿಯ ಮೇಲೆ ಕೂತಿದ್ದಳು. ಎರಡು ಚಾಪೆ ಎಳೆದು ಒಳಗೆ ಹಾಕಿದ್ದಳು. ಉಳಿದದ್ದು ನೀರಿನಲ್ಲಿ ತೇಲಿ ಹೋಗಿ ತೆಂಗಿನ ಬುಡದಲ್ಲಿ ರಾಶಿಬಿದ್ದಿತ್ತು. ಅರ್ಧ ಒಣಗಿದ ಮೀನಿಗೆ ಮಳೆನೀರು ತಾಗಿದರೆ ಮುಗಿಯಿತು. ಎಳೆದಿಟ್ಟ ಚಾಪೆಗಳದ್ದೂ ಮುಟ್ಟಿದರೆ ಮೆತ್ತಗಾಗಿತ್ತು. ನಾನು ಅವಳ ಪಕ್ಕ ಕೂತೆ. ಬೈಗುಳ ತಿನ್ನುವುದಾದರೆ ಇಬ್ಬರೂ ಸೇರಿಯೇ ತಿನ್ನುವುದು ಎಂದು ಮಾತಿಲ್ಲದೆ ತೀರ್ಮಾನವಾಯಿತು.

ಅತ್ತೆ ಬಂದರು. ಅಂಗಳ ನೋಡಿದರು, ನಮ್ಮನ್ನು ನೋಡಿದರು. ಬುಟ್ಟಿ ಇಳಿಸಿ, ಒಂದು ಬಂಗುಡೆ ಎತ್ತಿ ಮೂಸಿ ತೆಂಗಿನ ಬುಡಕ್ಕೆ ಎಸೆದರು.

"ಮೋಡ ಕಾಣ್ಲಿಲ್ಯಾ?"

"ಫೋನಲ್ಲ್ ಇದ್ದಿದೆ ಅತ್ತೆ" ಎಂದಳು ಓರಗಿತ್ತಿ.

"ಯಾರ ಹತ್ರ?"

"ನನ್ನತ್ರ ಅತ್ತೆ" ಎಂದೆ.

"ಒಂದೇ ಮನಿಯವ್ರ್ ನೀವ್! ಮೂರ್ ಹೊತ್ತೂ ಒಟ್ಟಿಗ್ ಇರ್ತ್ರಿ. ಫೋನಲ್ಲ್ ಆಡುಕೆ ಎಂತ ಮಾತಿತ್ತ್?"

ಅವಳೇ ಬಾಯಿ ಬಿಟ್ಟಳು. "ನಮ್ ಇಬ್ರ ಲೆಕ್ಕಕ್ಕೂ ಒಂದೇ ಹೆಸ್ರ್ ಆಯಿತ್ತ್ ಅತ್ತೆ. ಅದ್ಕೆ ಬೈಂದೂರು, ಬ್ರಹ್ಮಾವರ ಬರ್ಲೇ ಇಲ್ಲೆ."

ಅತ್ತೆ ಅವಳನ್ನೇ ದಿಟ್ಟಿಸಿ, ಒಳಗೆ ಹೋದರು. ಆ ಸಂಜೆ ಧಾರಾವಾಹಿಯನ್ನೂ ಹಾಕಲಿಲ್ಲ. ಗಂಜಿ ಉಂಡು, ಕೈ ತೊಳೆದು, ನಮ್ಮ ಕಡೆ ನೋಡದೆ ಮಲಗಿದರು. ಬೈದಿದ್ದರೆ ವಾಸಿಯಿತ್ತು ಎನಿಸಿತು.

ಬೆಳಿಗ್ಗೆ ನಾನು ತಿಂಡಿ ಮಾಡುತ್ತಿದ್ದೆ. ತರಗತಿಯ ಮಾತು ಎತ್ತಲು ನಮಗಿಬ್ಬರಿಗೂ ಧೈರ್ಯವಿರಲಿಲ್ಲ. ಅತ್ತೆ ಬುಟ್ಟಿ ಎತ್ತಿಕೊಂಡು ಬಾಗಿಲಿಗೆ ಬಂದವರು ತಿರುಗಿ ನಿಂತು, "ಇವತ್ತ್ ಯಾರ ಸರದಿ?" ಎಂದರು.

"ಅವಳದ್" ಎಂದೆ.

"ಕಾಂಬುಕೆ ಅಂಗ್ಳದಲ್ಲ್ ಒಂದ್ ಮೀನಾರೂ ಇತ್ತಾ? ಮತ್ತೆ ಎಂತ ಸರದಿ! ಇಬ್ರೂ ಹೋಯ್ನಿ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿ ಹೊರಟೇಹೋದರು. ಗೇಟಿನ ಆಚೆ ಅವರ ಬೆನ್ನು ಮರೆಯಾಗುವವರೆಗೂ ನಾವು ನೋಡುತ್ತಿದ್ದೆವು. ಆಮೇಲೆ ಅವಳು ಒಲೆಯ ಮುಂದೆ ನಿಂತಲ್ಲೇ ಒಂದು ಸುತ್ತು ಕುಣಿದಳು.

ಇಬ್ಬರೂ ಮದುವೆಗೆ ಉಡುವ ಸೀರೆ ಉಟ್ಟುಕೊಂಡು ಹೋದೆವು, ಯಾಕೆಂದು ಈಗಲೂ ಗೊತ್ತಿಲ್ಲ. ಕೆಳಗಿನ ಹೊಲಿಗೆ ಅಂಗಡಿಯವರು ಒಂದು ಸ್ಟೂಲ್ ಕೊಟ್ಟರು. ಅವಳು ಕುರ್ಚಿಯಲ್ಲಿ, ನಾನು ಸ್ಟೂಲಿನಲ್ಲಿ. ಮೇಡಂ ನಮ್ಮಿಬ್ಬರನ್ನು ಒಟ್ಟಿಗೆ ನೋಡಿ ಬಹಳ ಹೊತ್ತು ನಕ್ಕರು. ಆಮೇಲೆ ಇನ್ನೂ ಒಂದು ಪದರ ಸೇರಿಸಿದರು. ಪ್ರತಿ ಊರಿನ ಒಳಗೆ ಅಲ್ಲಿ ಏನೇನು ಸಿಗುತ್ತದೆ ಎಂಬ ಒಂದು ಆಬ್ಜೆಕ್ಟ್. ಸಿದ್ದಾಪುರಕ್ಕೆ ಅಡಿಕೆ, ಭತ್ತ, ರಬ್ಬರು. ಗಂಗೊಳ್ಳಿಗೆ ಮೀನು. ಅಲ್ಲಿ ಸಂಖ್ಯೆ ಇಲ್ಲ, ಹೆಸರುಗಳ ಮೇಲೆಯೇ ನಡೆಯಬೇಕು. ಅದು ಅವಳ ಪಾಠ, ಕೀಲಿಮಣೆ ಅವಳಿಗೆ ಬಿಟ್ಟೆ. ಒಂದು ಕಡೆ ಅವಳು ಮುಚ್ಚುವ ಆವರಣ ಮರೆತಳು, ಅದನ್ನು ನಾನು ಹಿಡಿದೆ. ಅಷ್ಟು ಒಳಗಿನ ಅಡಿಕೆಯೂ ಮೀನೂ ಪರದೆಗೆ ಬಂದಾಗ ನಾವು ಪರಸ್ಪರ ಕೈ ಹಿಡಿದುಕೊಂಡಿದ್ದೆವು ಎಂದು ಮೇಡಂ ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು.

ತರಗತಿ ಬಿಟ್ಟ ಮೇಲೆ ಸೀದಾ ಮನೆಗೆ ಹೋಗಲಿಲ್ಲ. ಹೋಟೆಲಿಗೆ ಹೋಗಿ ಗೋಳಿಬಜೆ ತಿಂದೆವು. ಅತ್ತೆಗೂ ಕಟ್ಟಿಸಿಕೊಂಡೆವು. ಅವರು ತಣ್ಣಗಾದದ್ದನ್ನೇ ಒಂದೂ ಉಳಿಸದೆ ತಿಂದು, "ಎಣ್ಣಿ ಜಾಸ್ತಿ" ಎಂದರು.

ಆ ಮಳೆಗಾಲ ಕಳೆದ ಮೇಲೆ ಮೈದುನ ಬೋಟು ಬಿಟ್ಟು ಬೈಂದೂರಿನಲ್ಲಿ ಬಲೆ, ಹಗ್ಗದ ಅಂಗಡಿ ಹಾಕಿದ. ಓರಗಿತ್ತಿ ಅವನೊಂದಿಗೆ ಹೋದಳು. ಅಂಗಡಿಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಈಗ ಆ ಕಡೆಯ ಅಂಗಡಿ, ಮದುವೆ ಹಾಲ್‌ಗಳವರಿಗೆ ಪುಟ ಮಾಡಿಕೊಡುತ್ತಾಳೆ. ನಾನು ಬ್ರಹ್ಮಾವರದ ಒಂದು ಕಡೆ ಕಲಿಸಲು ಸೇರಿದೆ. ದಿನವೂ ಕೋಡಿಯಿಂದ ಹೋಗಿ ಬರುತ್ತೇನೆ. ಅಂಗಳದ ಮೀನನ್ನು ಈಗ ಮಾರುಕಟ್ಟೆ ಬಿಟ್ಟ ಅತ್ತೆಯೇ ಕಾಯುತ್ತಾರೆ. ಕುಂದಾಪುರದ ಆ ಮಹಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಮೇಡಂ ಮದುವೆಯಾಗಿ ಎಲ್ಲಿಗೆ ಹೋದರೋ, ಹಳೆಯ ನಂಬರಿಗೆ ಫೋನ್ ಹೋಗುವುದಿಲ್ಲ.

ಈಗ ನಾನು ಕಲಿಸುವ ಹುಡುಗಿಯರು ಲೂಪನ್ನೇ ಬೇರೆ ರೀತಿ ಬರೆಯುತ್ತಾರೆ. ಐ ಎಂಬ ಲೆಕ್ಕವೇ ಬೇಡದ ವಿಧಾನಗಳಿವೆ. ಬೇಕೆಂದರೂ ಒಳಗಿನ ಐ ಒಳಗೇ, ಹೊರಗಿನ ಐ ಹೊರಗೇ ಉಳಿಯುವ ಹಾಗೆ ಭಾಷೆಯೇ ಅನುಕೂಲ ಮಾಡಿಕೊಟ್ಟಿದೆ. ಇಬ್ಬರು ಬೇರೆ ಬೇರೆ ಕೂತು ಬರೆದು ತಂದು ಜೋಡಿಸಿದರೂ ಒಂದು ಊರೂ ತಪ್ಪುವುದಿಲ್ಲ. ಒಳ್ಳೆಯದೇ. ಹೊಸ ವಿಧಾನ ಹೇಳಿಕೊಡುವಾಗ ಯಾವತ್ತಾದರೂ ಒಂದು ಗಳಿಗೆ ನನಗೆ ಮಾತು ನಿಲ್ಲುತ್ತದೆ. ಎಂತ ಮೇಡಂ ಎಂದು ಅವರು ಕೇಳುತ್ತಾರೆ. ಏನಿಲ್ಲ ಎಂದು ಮುಂದುವರಿಸುತ್ತೇನೆ.

ಅಡುಗೆಮನೆಯ ಡಬ್ಬಿಗಳೆಲ್ಲ ಈಗ ಇಟ್ಟಲ್ಲೇ ಇರುತ್ತವೆ, ಕೆದರುವವರಿಲ್ಲ. ಸಂಜೆ ಬಸ್ಸಿಳಿದು ಬಂದು ಒಲೆ ಹಚ್ಚುವಾಗ ಮನೆ ತೀರಾ ಅಚ್ಚುಕಟ್ಟಾಗಿದೆ ಎನಿಸುತ್ತದೆ. ಅವಳು ಹಬ್ಬಕ್ಕೆ ಬಂದರೆ ಎರಡು ದಿನ ನಿಲ್ಲುತ್ತಾಳೆ. ಹೊರಡುವ ದಿನ ಅತ್ತೆ ಬೇಕೆಂದೇ ತಡಮಾಡಿಸುತ್ತಾರೆ, ನಾನು ಬೈಂದೂರಿನ ಬಸ್ಸಿನವರೆಗೆ ಹೋಗುತ್ತೇನೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಅವಳು ಇನ್ನೂ ಏನೋ ಹೇಳುತ್ತಲೇ ಇರುತ್ತಾಳೆ. ಬಸ್ಸಿನ ಸದ್ದಿನಲ್ಲಿ ಅರ್ಧ ಕೇಳಿಸುವುದಿಲ್ಲ. ನಾನು ಸುಮ್ಮನೆ ತಲೆಯಾಡಿಸುತ್ತಾ ನಿಂತಿರುತ್ತೇನೆ.